ಒಂದೇ ದೀಪದಲ್ಲಿ ನ್ವಾರ್: ಕಡಿಮೆ ದುಡ್ಡಿನ ಕ್ರೈಮ್ ಸೀನ್ ಶೂಟ್ ಮಾಡುವ ಸಮಗ್ರ ಮಾರ್ಗದರ್ಶಿ

ಶಾರ್ಟ್ ಫಿಲ್ಮ್ ಮಾಡುವವರು ನೋಡಿ ಹೇಳಿ ಅಂತ ಕಳಿಸುವ ಕ್ರೈಮ್ ಸೀನುಗಳಲ್ಲಿ ತಪ್ಪು ಹೆಚ್ಚುಕಮ್ಮಿ ಒಂದೇ. 1940ರ ದಶಕದ ಅಮೆರಿಕದ ಕಪ್ಪು-ಬಿಳುಪು ಕ್ರೈಮ್ ಚಿತ್ರ, ಅಂದರೆ ನ್ವಾರ್, ನೋಡಿರುತ್ತಾರೆ. ಅದೇ ತರಹ ಬೇಕು ಅಂತ ಟ್ಯೂಬ್‌ಲೈಟ್ ಆರಿಸಿ, ಮೂಲೆಯಲ್ಲಿ ಒಂದು ಬಲ್ಬ್ ಹಾಕಿ ಶೂಟ್ ಮಾಡುತ್ತಾರೆ. ಬರುವುದು ಎರಡರಲ್ಲಿ ಒಂದು. ಏನೂ ಕಾಣದ ಮಸಿ, ಇಲ್ಲಾ ಬೂದಿ ಬಳಿದ ಹಾಗಿರುವ ಚಪ್ಪಟೆ ಚಿತ್ರ. ಆಮೇಲೆ ಎಡಿಟಿಂಗಿನಲ್ಲಿ ಕಾಂಟ್ರಾಸ್ಟ್ ಎಳೆದಷ್ಟೂ ಪರದೆ ತುಂಬಾ ಚುಕ್ಕಿ ಕುಣಿಯುತ್ತವೆ.

ಆ ಹಳೆಯ ಸೆಟ್ಟುಗಳಲ್ಲಿ ಬೆಳಕು ಧಾರಾಳವಾಗಿಯೇ ಇತ್ತು. ಬೀಳಬೇಕಾದ ಕಡೆ ಮಾತ್ರ ಬೀಳುತ್ತಿತ್ತು, ಉಳಿದ ಕಡೆ ಹೋಗದ ಹಾಗೆ ತಡೆದಿದ್ದರು, ಅಷ್ಟೇ. ಹಾಗಾಗಿ ಈ ಕೆಲಸದಲ್ಲಿ ಮುಕ್ಕಾಲು ಪಾಲು ಬೆಳಕನ್ನು ತಡೆಯುವುದೇ ಆಗಿರುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಪ್ರತಿ ಹಂತವೂ ಹಿಂದಿನದನ್ನು ಕೆಡಿಸುತ್ತದೆ.

ಉದಾಹರಣೆಗೆ ಒಂದು ಸೀನ್ ಇಟ್ಟುಕೊಳ್ಳೋಣ. ಚೀಟಿ ದುಡ್ಡು ಎತ್ತಿಕೊಂಡು ಓಡಿ ಬಂದವನೊಬ್ಬ ಲಾಡ್ಜ್ ರೂಮಿನಲ್ಲಿ ಮೇಜಿನ ಮುಂದೆ ಕೂತು ನೋಟು ಎಣಿಸುತ್ತಿದ್ದಾನೆ. ರಾತ್ರಿ. ಬಾಗಿಲು ತಟ್ಟಿದ ಸದ್ದು.

## ಬೇಕಾಗುವ ಸಾಮಾನು

ಮೊದಲನೆಯದು ಗಡಸು ಬೆಳಕು. ನೆರಳಿನ ಅಂಚು ಚಾಕುವಿನಲ್ಲಿ ಕೊಯ್ದಷ್ಟು ನೇರ ಇರಬೇಕು. ಅದಕ್ಕೆ ಬೆಳಕು ಹೊರಡುವ ಜಾಗ ಚಿಕ್ಕದಿರಬೇಕು. ಮುಂದೆ ಎಳೆದು ಹಿಂದೆ ತಳ್ಳಿ ಫೋಕಸ್ ಮಾಡುವ ಒಳ್ಳೆ ಟಾರ್ಚ್ ನಡೆಯುತ್ತದೆ. ಒಂದೇ ದೊಡ್ಡ ಚಿಪ್ ಇರುವ ವಿಡಿಯೊ ಲೈಟ್ ಇದ್ದರೆ ಸಾಫ್ಟ್‌ಬಾಕ್ಸ್ (ಬೆಳಕು ಮೆದು ಮಾಡುವ ಬಿಳಿ ಬಟ್ಟೆಯ ಪೆಟ್ಟಿಗೆ) ಕಳಚಿ ಬಳಸಿ. ಸ್ವಲ್ಪ ದುಡ್ಡಿದ್ದರೆ ಬಾಡಿಗೆಗೆ ಒಂದು ಬೇಬಿ ಲೈಟ್ ತನ್ನಿ. ಸಾವಿರ ವ್ಯಾಟಿನ ಆ ಹಳೆ ದೀಪದ ನೆರಳಿಗೆ ಇವತ್ತಿಗೂ ಸಾಟಿ ಇಲ್ಲ.

ಇದರ ಜೊತೆ ಹಿನ್ನೆಲೆಗೆ ಇನ್ನೊಂದು ಸಣ್ಣ ದೀಪ, ಒಂದು ಟೇಬಲ್ ಲ್ಯಾಂಪ್ ಸಾಕು. ಕಪ್ಪು ಬಟ್ಟೆ ಎಷ್ಟಿದ್ದರೂ ಬೇಕು. ಕಪ್ಪು ಬೆಡ್‌ಶೀಟ್ ಆಗುತ್ತದೆ, ಊರಿನ ಕರಿ ಕಂಬಳಿ ಇದ್ದರೆ ಇನ್ನೂ ಒಳ್ಳೆಯದು. ಉಣ್ಣೆ ಬೆಳಕನ್ನು ನುಂಗುವಷ್ಟು ಹತ್ತಿ ನುಂಗುವುದಿಲ್ಲ. ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ, ಕಪ್ಪು ಚಾರ್ಟ್ ಪೇಪರ್, ಬಟ್ಟೆ ಕ್ಲಿಪ್, ಗೋಡೆಯ ಬಣ್ಣ ಕೀಳದ ಪೇಂಟರ್ ಟೇಪ್, ಒಂದು ಥರ್ಮಾಕೋಲ್ ಶೀಟ್, ಟ್ರೈಪಾಡ್. ಇಷ್ಟೇ.

ರಿಂಗ್ ಲೈಟ್, ಬಣ್ಣದ ಟ್ಯೂಬು, ದೊಡ್ಡ ಸಾಫ್ಟ್‌ಬಾಕ್ಸ್ ಬೇಡ. ಮದುವೆ ವಿಡಿಯೊಗೆ ಅವು ಸರಿ, ಇಲ್ಲಿ ಬರೀ ತೊಂದರೆ.

ಎಚ್ಚರದ ಗುರುತು: ದೀಪದ ಮುಂದೆ ಕೈ ಹಿಡಿದು ಗೋಡೆ ಮೇಲಿನ ನೆರಳು ನೋಡಿ. ಒಂದು ಬೆರಳಿಗೆ ನಾಲ್ಕೈದು ತೆಳು ನೆರಳು ಬಿದ್ದರೆ ಆ ದೀಪದಲ್ಲಿ ಸಣ್ಣ ಸಣ್ಣ ಎಲ್‌ಇಡಿಗಳ ಸಾಲಿದೆ ಅಂತ ಅರ್ಥ. ಪೇಟೆಯಲ್ಲಿ ಸಿಗುವ ಅಗ್ಗದ ಫ್ಲಡ್ ಲೈಟುಗಳಲ್ಲಿ ಇದು ಜಾಸ್ತಿ. ಅದನ್ನು ಮುಖಕ್ಕೆ ಹಾಕಬೇಡಿ.

## ಹಂತ 1: ಬೆಳಕು ಎಲ್ಲಿಂದ ಬರುತ್ತದೆ ಅಂತ ಕಾಗದದಲ್ಲಿ ಬರೆಯಿರಿ

ಸ್ಕ್ರಿಪ್ಟಿನ ಪಕ್ಕದಲ್ಲೇ ಬರೆಯಿರಿ: ಈ ರೂಮಿನಲ್ಲಿ ಬೆಳಕಿನ ಮೂಲ ಯಾವುದು? ಮೇಜಿನ ದೀಪವೋ, ಕಿಟಕಿ ಆಚೆಯ ಬೀದಿದೀಪವೋ, ಬಾಗಿಲ ಸಂದಿಯಿಂದ ಬರುವ ಕಾರಿಡಾರಿನ ಬೆಳಕೋ? ಒಂದನ್ನು ಆರಿಸಿ. ನಮ್ಮ ಲಾಡ್ಜ್ ಸೀನಿಗೆ ಕಿಟಕಿ ಆಚೆಯ ಬೀದಿದೀಪ ಅಂದುಕೊಳ್ಳೋಣ.

ಇದನ್ನು ಬಿಟ್ಟರೆ ಆಗುವ ಅನಾಹುತ ಎಡಿಟಿಂಗಿನಲ್ಲಿ ಗೊತ್ತಾಗುತ್ತದೆ. ಒಂದು ಶಾಟಿನಲ್ಲಿ ಎಡಗೆನ್ನೆ ಬೆಳಗಿರುತ್ತದೆ, ಮುಂದಿನದರಲ್ಲಿ ಬಲಗೆನ್ನೆ. ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಸರಿ ಇಲ್ಲ ಅಂತ ಅನಿಸುತ್ತದೆ.

ಇಲ್ಲೇ ಸೀನನ್ನು ಚಿಕ್ಕದು ಮಾಡಿ. ಒಂದು ದೀಪಕ್ಕೆ ಇಬ್ಬರು ಪಾತ್ರಧಾರಿಗಳು ಸಾಕು. ಮೂರನೆಯವನು ಬಂದರೆ ಅವನು ಬರೀ ನೆರಳಾಗಿ ಬರಲಿ, ಇಲ್ಲಾ ದನಿಯಾಗಿ. 1950ರಲ್ಲಿ ಜೋಸೆಫ್ ಎಚ್. ಲೂಯಿಸ್ ನಿರ್ದೇಶಿಸಿದ 'ಗನ್ ಕ್ರೇಜಿ'ಯಲ್ಲಿ ಒಂದು ಬ್ಯಾಂಕ್ ದರೋಡೆ ಇದೆ. ಕ್ಯಾಮೆರಾ ಬ್ಯಾಂಕಿನ ಒಳಗೆ ಹೋಗುವುದೇ ಇಲ್ಲ. ಕಾರಿನ ಹಿಂದಿನ ಸೀಟಿನಲ್ಲೇ ಕೂತು, ಬರುವುದು, ಕಾಯುವುದು, ಓಡುವುದು ಎಲ್ಲವನ್ನೂ ಒಂದೇ ಶಾಟಿನಲ್ಲಿ ತೋರಿಸುತ್ತದೆ. ಬ್ಯಾಂಕಿನ ಸೆಟ್ಟೂ ಉಳಿಯಿತು, ಜೂನಿಯರ್ ಕಲಾವಿದರ ಖರ್ಚೂ ಉಳಿಯಿತು. ನೋಡುವವರ ಎದೆಬಡಿತ ಮಾತ್ರ ದುಪ್ಪಟ್ಟಾಯಿತು. ನಿಮ್ಮ ಸೀನಿನಲ್ಲಿ ತೋರಿಸದೆ ಬಿಡಬಹುದಾದ್ದು ಏನಿದೆ ಅಂತ ಮೊದಲು ಹುಡುಕಿ.

## ಹಂತ 2: ಕೋಣೆಯನ್ನು ಪೂರ್ತಿ ಕತ್ತಲು ಮಾಡಿ

ಜಾಸ್ತಿ ಜನ ಕೆಡಿಸಿಕೊಳ್ಳುವುದು ಇಲ್ಲೇ. ನಮ್ಮ ಮನೆಗಳ ಗೋಡೆ ಬಿಳಿ, ಇಲ್ಲಾ ತಿಳಿ ಹಳದಿ. ನೆಲಕ್ಕೆ ಹೊಳೆಯುವ ಟೈಲ್ಸ್. ಚಾವಣಿ ಅಚ್ಚ ಬಿಳಿ. ಒಂದು ಟಾರ್ಚ್ ಹಚ್ಚಿದರೆ ಬೆಳಕು ಎದುರು ಗೋಡೆಗೆ ಬಡಿದು, ಚಾವಣಿಗೆ ಹೋಗಿ, ಅಲ್ಲಿಂದ ಕೋಣೆಯೆಲ್ಲಾ ಹರಡುತ್ತದೆ. ನೀವು ಹಾಕಿದ್ದು ಒಂದೇ ದೀಪ. ಆದರೆ ಕೋಣೆಯ ಆರೂ ಮಗ್ಗುಲು ದೀಪದ ಕೆಲಸ ಮಾಡುತ್ತಿರುತ್ತವೆ. ನೆರಳೆಲ್ಲಾ ಬೂದು ಆಗುವುದು ಇದಕ್ಕೇ.

ಮಾಡುವುದು ಹೀಗೆ. ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ ಅಂತ ಮೊದಲು ತೀರ್ಮಾನಿಸಿ. ಫ್ರೇಮಿನಲ್ಲಿ ಕಾಣದ ಗೋಡೆಗಳಿಗೆಲ್ಲಾ ಕಂಬಳಿ, ಕಪ್ಪು ಬಟ್ಟೆ ಕಟ್ಟಿ. ಎಲ್ಲದಕ್ಕಿಂತ ಮುಖ್ಯ, ನಟನ ನೆರಳಿನ ಬದಿಯ ಗೋಡೆ. ಅದನ್ನು ಬಿಟ್ಟರೆ ಉಳಿದದ್ದನ್ನು ಮುಚ್ಚಿಯೂ ಸುಖವಿಲ್ಲ. ಬಟ್ಟೆ ನಟನಿಗೆ ಹತ್ತಿರ ಇದ್ದಷ್ಟೂ ಕೆಲಸ ಚೆನ್ನಾಗಿ ಆಗುತ್ತದೆ. ಗೋಡೆಗೆ ಹೊಡೆಯುವ ಬದಲು ಎರಡು ಕುರ್ಚಿ ಮೇಲೆ ಬಿದಿರು ಕೋಲು ಇಟ್ಟು, ಫ್ರೇಮಿನ ಅಂಚಿನವರೆಗೆ ತಂದು ಇಳಿಬಿಡಿ. ನೆಲದ ಟೈಲ್ಸಿನ ಮೇಲೂ ಒಂದು ಹಾಸಿ.

ಆಮೇಲೆ ಎಲ್ಲಾ ದೀಪ ಆರಿಸಿ ಒಂದೆರಡು ನಿಮಿಷ ಸುಮ್ನೆ ನಿಲ್ಲಿ. ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಸೋರಿಕೆಗಳು ಕಾಣುತ್ತವೆ. ಬಾಗಿಲ ಕೆಳಗಿನ ಸಂದಿ, ಎಕ್ಸಾಸ್ಟ್ ಫ್ಯಾನಿನ ತೂತು, ಸ್ವಿಚ್ ಬೋರ್ಡಿನ ಕೆಂಪು ಚುಕ್ಕಿ, ಸೆಟ್‌ಟಾಪ್ ಬಾಕ್ಸು. ಒಂದೊಂದನ್ನೂ ಮುಚ್ಚಿ. ಸಿಬ್ಬಂದಿಯಲ್ಲಿ ಯಾರಾದರೂ ಬಿಳಿ ಅಂಗಿ ಹಾಕಿದ್ದರೆ ಅವರನ್ನು ನಟನ ಪಕ್ಕದಿಂದ ದೂರ ನಿಲ್ಲಿಸಿ. ತಮಾಷೆ ಅಲ್ಲ, ಬಿಳಿ ಅಂಗಿ ಥರ್ಮಾಕೋಲಿನ ಹಾಗೇ ಬೆಳಕು ಎಸೆಯುತ್ತದೆ.

## ಹಂತ 3: ಕ್ಯಾಮೆರಾಕ್ಕೆ ಬೀಗ ಹಾಕಿ

ಫೋನಿನ ಮಾಮೂಲಿ ಕ್ಯಾಮೆರಾ ಕತ್ತಲು ಕಂಡರೆ ಗಾಬರಿಯಾಗಿ ಐಎಸ್‌ಒ, ಅಂದರೆ ಬೆಳಕಿಗೆ ತನ್ನ ಸೂಕ್ಷ್ಮತೆ, ಏರಿಸುತ್ತದೆ. ನೀವು ಕಷ್ಟಪಟ್ಟು ಮಾಡಿದ ಕತ್ತಲನ್ನೆಲ್ಲಾ ಬೂದು ಮಾಡಿ ಕೊಡುತ್ತದೆ. ಹಾಗಾಗಿ ಎಲ್ಲಾ ಕೈಯಲ್ಲೇ ಹೊಂದಿಸುವ ಆ್ಯಪ್ ಬೇಕು. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಪುಕ್ಕಟೆ ಸಿಗುತ್ತದೆ. ಡಿಎಸ್‌ಎಲ್‌ಆರ್ ಇದ್ದರೆ ಮ್ಯಾನುವಲ್ ಮೋಡ್.

ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ) 25, ಶಟರ್ (ಒಂದು ಚಿತ್ರಕ್ಕೆ ಬೆಳಕು ಬೀಳುವ ಹೊತ್ತು) ಸೆಕೆಂಡಿನ 1/50. ಈ ಎರಡಕ್ಕೂ ಕಾರಣ ಇದೆ. ನಮ್ಮ ಕರೆಂಟು 50 ಹರ್ಟ್ಜ್, ಅದರ ಮೇಲೆ ಓಡುವ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/50 ಅಥವಾ 1/100 ಇದ್ದರೆ ಲೆಕ್ಕ ಸರಿಹೋಗುತ್ತದೆ. ಫೋನುಗಳು ಸಾಮಾನ್ಯವಾಗಿ 30 ಫ್ರೇಮಿಗೆ ಹೊಂದಿಸಿಯೇ ಬಂದಿರುತ್ತವೆ. ಅದಕ್ಕೆ ತಕ್ಕ 1/60ರಲ್ಲಿ ಶೂಟ್ ಮಾಡಿದರೆ ಗೋಡೆ ಮೇಲೆ ಕಪ್ಪು ಪಟ್ಟಿಗಳು ಮೇಲೆ ಕೆಳಗೆ ಹರಿಯುತ್ತವೆ. ಅದನ್ನು ಆಮೇಲೆ ತೆಗೆಯುವುದು ದೊಡ್ಡ ತಲೆನೋವು.

ಐಎಸ್‌ಒ 100ರಿಂದ 400ರ ಒಳಗೆ ಇಡಿ. ಎಚ್‌ಡಿಆರ್, ನೈಟ್ ಮೋಡ್, ಬ್ಯೂಟಿ ಮೋಡ್ ಮೂರನ್ನೂ ಆಫ್ ಮಾಡಿ. ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ. ತೆರೆಯನ್ನು ಕಪ್ಪು-ಬಿಳುಪಾಗಿ ತೋರಿಸುವ ಸೌಲಭ್ಯ ಇದ್ದರೆ ಹಾಕಿಕೊಳ್ಳಿ. ಆದರೆ ರೆಕಾರ್ಡಿಂಗ್ ಬಣ್ಣದಲ್ಲೇ ಇರಲಿ. ಯಾಕೆ ಅನ್ನುವುದು ಹಂತ 9ರಲ್ಲಿ ಬರುತ್ತದೆ.

ಎಚ್ಚರದ ಗುರುತು: ಐಎಸ್‌ಒ 800 ದಾಟಿಸದೆ ಮುಖ ಕಾಣುತ್ತಿಲ್ಲ ಅಂದರೆ ದೀಪ ಸಾಲದು, ಅಥವಾ ದೂರ ಇದೆ. ಐಎಸ್‌ಒ ಏರಿಸಬೇಡಿ. ದೀಪ ಹತ್ತಿರ ತನ್ನಿ.

## ಹಂತ 4: ಮುಖದ ದೀಪ

ಈಗ ಮೊದಲ ದೀಪ ಹಚ್ಚಿ. ಬೇರೆ ಯಾವುದೂ ಉರಿಯಬಾರದು.

ನಟನನ್ನು ಕೂರಿಸಿ, ದೀಪವನ್ನು ಕ್ಯಾಮೆರಾ ಪಕ್ಕದಿಂದ ನಿಧಾನಕ್ಕೆ ಸುತ್ತ ಸರಿಸುತ್ತಾ ಹೋಗಿ. ಕಣ್ಣು ಅವನ ಮೂಗಿನ ನೆರಳಿನ ಮೇಲಿರಲಿ. ಕ್ಯಾಮೆರಾ ಪಕ್ಕದಲ್ಲೇ ಇದ್ದಾಗ ಮುಖ ಪಾಸ್‌ಪೋರ್ಟ್ ಫೋಟೊದ ಹಾಗೆ ಚಪ್ಪಟೆ. ಸುಮಾರು 45 ಡಿಗ್ರಿಗೆ ಬಂದಾಗ ಮೂಗಿನ ನೆರಳು ಆಚೆ ಕೆನ್ನೆಯ ನೆರಳನ್ನು ಮುಟ್ಟಿ, ಕಣ್ಣಿನ ಕೆಳಗೆ ಬೆಳಕಿನ ತ್ರಿಕೋನ ಉಳಿಯುತ್ತದೆ. ಇನ್ನೂ ಸರಿದು 90 ಡಿಗ್ರಿಗೆ ಬಂದರೆ ಮುಖ ಅರ್ಧ ಬಿಳಿ, ಅರ್ಧ ಕಪ್ಪು. ಅದಕ್ಕೂ ಹಿಂದೆ ಹೋದರೆ ಹಣೆ, ಮೂಗು, ಗಲ್ಲದ ಅಂಚಷ್ಟೇ ಉಳಿಯುತ್ತದೆ.

ಸುಳ್ಳು ಹೇಳುವ ಪಾತ್ರಕ್ಕೆ 90 ಡಿಗ್ರಿ ಅಂತ ಕೆಲವರು ಸೂತ್ರ ಮಾಡಿಕೊಂಡಿದ್ದಾರೆ. ನಾನಾದರೆ ತ್ರಿಕೋನ ಉಳಿಯುವ ಜಾಗದಿಂದ ಒಂದು ಗೇಣು ಹಿಂದಕ್ಕೆ ಇಡುತ್ತೇನೆ. ಆಚೆ ಕಣ್ಣಿನಲ್ಲಿ ಒಂದು ಚುಕ್ಕಿ ಬೆಳಕು ಮಾತ್ರ ಇರುತ್ತದೆ. ತಲೆ ಸ್ವಲ್ಪ ತಿರುಗಿಸಿದರೆ ಅದೂ ಆರುತ್ತದೆ. ನಟನಿಗೆ ಇದನ್ನು ಹೇಳಿಕೊಟ್ಟರೆ, ಬಾಗಿಲು ತಟ್ಟಿದಾಗ ತಲೆ ತಿರುಗಿಸುವ ಅಷ್ಟರಲ್ಲೇ ಅವನ ಮುಖ ಬದಲಾಗುತ್ತದೆ. ಡೈಲಾಗೇ ಬೇಡ.

ಎತ್ತರ: ದೀಪ ತಲೆಗಿಂತ ಒಂದೆರಡು ಅಡಿ ಮೇಲಿರಲಿ. ತೀರಾ ಮೇಲೆ ಹೋದರೆ ಕಣ್ಣುಗುಳಿ ಕಪ್ಪಾಗುತ್ತದೆ. ಕೆಳಗಿಟ್ಟರೆ ದೆವ್ವದ ಸಿನಿಮಾ ಆಗುತ್ತದೆ. ಮೇಜಿನ ದೀಪವೇ ಮೂಲ ಅಂತ ಮೊದಲೇ ತೋರಿಸಿದ್ದರೆ ಮಾತ್ರ ಕೆಳಗಿನ ಬೆಳಕು ಒಪ್ಪುತ್ತದೆ.

ದೂರದ ಲೆಕ್ಕ ತಲೆಯಲ್ಲಿರಲಿ. ದೂರ ಎರಡರಷ್ಟಾದರೆ ಬೆಳಕು ಕಾಲುಭಾಗ. ಮೂರರಷ್ಟಾದರೆ ಒಂಬತ್ತರಲ್ಲಿ ಒಂದು ಭಾಗ. ದೀಪ ಮುಖದಿಂದ 3 ಅಡಿ, ಹಿಂದಿನ ಗೋಡೆ ದೀಪದಿಂದ 9 ಅಡಿ ಇದ್ದರೆ ಗೋಡೆ ತಾನಾಗಿಯೇ ಕತ್ತಲಿಗೆ ಜಾರುತ್ತದೆ. ಅದೇ ನಟನನ್ನು ಗೋಡೆಗೆ ಒರಗಿಸಿದರೆ ಮುಖದಷ್ಟೇ ಗೋಡೆಯೂ ಬೆಳಗುತ್ತದೆ. ಕಾಲೇಜು ಹುಡುಗರ ಚಿತ್ರಗಳಲ್ಲಿ ನಟ ಯಾವಾಗಲೂ ಗೋಡೆಗೆ ಅಂಟಿಕೊಂಡೇ ಇರುತ್ತಾನೆ, ಗಮನಿಸಿದ್ದೀರಾ? ಮಂಚ, ಮೇಜು ಎಲ್ಲಾ ಗೋಡೆಗೆ ತಾಗಿಸಿಡುವ ನಮ್ಮ ಅಭ್ಯಾಸ ಅದು. ಮೇಜನ್ನು ಕೋಣೆಯ ನಡುವೆ ಎಳೆಯಿರಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಕೊನೆಗೆ ಅಳತೆ. ಮುಖದ ಬೆಳಕಿನ ಬದಿಗೂ ನೆರಳಿನ ಬದಿಗೂ ಸುಮಾರು 8 ಪಟ್ಟು ಅಂತರ ಬೇಕು. ಮೀಟರ್ ಇಲ್ಲದಿದ್ದರೂ ನೋಡಬಹುದು. ಐಎಸ್‌ಒ 100ರಲ್ಲಿ ಬೆಳಕಿನ ಕೆನ್ನೆ ಹೇಗೆ ಕಾಣುತ್ತದೆ ನೋಡಿಕೊಳ್ಳಿ. ಈಗ ಐಎಸ್‌ಒ ಏರಿಸುತ್ತಾ ಹೋಗಿ. ನೆರಳಿನ ಕೆನ್ನೆ ಅಷ್ಟೇ ಬೆಳ್ಳಗೆ ಕಾಣುವುದು 800ಕ್ಕೆ ಬಂದಾಗ ಅಂದರೆ ಸರಿಯಾಗಿದೆ. 200ಕ್ಕೇ ಕಂಡರೆ ಎಲ್ಲಿಂದಲೋ ಬೆಳಕು ಸೋರುತ್ತಿದೆ, ಹಂತ 2ಕ್ಕೆ ವಾಪಸ್. 1600 ದಾಟಿದರೂ ಕಾಣದಿದ್ದರೆ ಥರ್ಮಾಕೋಲನ್ನು ನೆರಳಿನ ಬದಿಗೆ, ನಾಲ್ಕೈದು ಅಡಿ ದೂರದಲ್ಲಿ ನಿಲ್ಲಿಸಿ. ಅಳತೆ ಮುಗಿದ ಮೇಲೆ ಐಎಸ್‌ಒ ವಾಪಸ್ ಇಳಿಸಲು ಮರೆಯಬೇಡಿ.

ನಮ್ಮ ಮೈಬಣ್ಣದ ಬಗ್ಗೆ ಒಂದು ಮಾತು. ಕಪ್ಪಗಿರುವ ನಟನಿಗೆ ಪೌಡರ್ ಬಳಿದು ಬೆಳ್ಳಗೆ ಮಾಡಲು ಹೋಗಬೇಡಿ, ಮುಖ ಸುಣ್ಣದ ಗೋಡೆ ಆಗುತ್ತದೆ. ಹಣೆ, ಕೆನ್ನೆಮೂಳೆ, ಮೂಗಿಗೆ ಒಂದು ಹನಿ ಗ್ಲಿಸರಿನ್ ನೀರಿನಲ್ಲಿ ಕಲಸಿ ಸವರಿ, ದೀಪವನ್ನು ಸ್ವಲ್ಪ ಹಿಂದಕ್ಕೆ ಸರಿಸಿ. ಬೆವರಿನ ಹೊಳಪಿನಲ್ಲೇ ಮುಖದ ಆಕಾರ ಎದ್ದು ಬರುತ್ತದೆ. ದುಡ್ಡು ಕದ್ದು ಕೂತವನು ಬೆವರಲೇಬೇಕು, ಅಲ್ವಾ?

## ಹಂತ 5: ಹಿನ್ನೆಲೆಯಿಂದ ಬಿಡಿಸಿ

ಮುಖದ ಕಪ್ಪು ಬದಿ ಕಪ್ಪು ಗೋಡೆಯಲ್ಲಿ ಕರಗಿದರೆ ಅರ್ಧ ತಲೆ ಕಾಣೆಯಾಗುತ್ತದೆ. ಸೂತ್ರ ಸರಳ. ಮುಖದ ಕಪ್ಪು ಬದಿಯ ಹಿಂದೆ ಸ್ವಲ್ಪ ಬೆಳಕು, ಬಿಳಿ ಬದಿಯ ಹಿಂದೆ ಕತ್ತಲು. ಎರಡನೇ ಸಣ್ಣ ದೀಪ ಇರುವುದು ಇದಕ್ಕೆ. ಫ್ರೇಮಿನಲ್ಲಿ ಕಾಣುವ ಹಿಂದಿನ ಗೋಡೆ ಮೇಲೆ, ಮುಖದ ನೆರಳಿನ ಬದಿಗೆ, ಅಂಗೈ ಅಗಲದ ಮಸುಕು ಬೆಳಕು ಬಿದ್ದರೂ ಸಾಕು.

ಎರಡನೇ ದೀಪದ ಬೆಳಕು ನಟನ ಮೇಲೆ ಬೀಳಬಾರದು. ಅಡ್ಡ ಒಂದು ರಟ್ಟು ಹಿಡಿಯಿರಿ. ಲೈಟ್ ಬಾಯ್‌ಗಳು ಇದಕ್ಕೆ ಕಟರ್ ಅನ್ನುತ್ತಾರೆ. ರಟ್ಟಿನ ಒಂದು ಬದಿಗೆ ಕಪ್ಪು ಚಾರ್ಟ್ ಅಂಟಿಸಿದರೆ ನಿಮ್ಮ ಕಟರ್ ರೆಡಿ. ದೀಪದ ಬಿಸಿಗೆ ತಾಗದಷ್ಟು ದೂರ ಇರಲಿ. ಬೇಬಿ ಲೈಟಿನ ಮುಂದೆ ಕಾಗದ ಅಂಟಿಸಿದರೆ ಹತ್ತಿಕೊಳ್ಳುತ್ತದೆ.

## ಹಂತ 6: ಕಿಟಕಿ ಸರಳಿನ ನೆರಳು

ಹಾಲಿವುಡ್ಡಿನ ಆಫೀಸುಗಳಲ್ಲಿ ಪಟ್ಟಿ ಪಟ್ಟಿ ಬ್ಲೈಂಡ್ಸ್ ಇರುತ್ತಿದ್ದವು. ಗೋಡೆ ಮೇಲಿನ ಆ ಅಡ್ಡಗೆರೆ ನೆರಳು ಅವುಗಳದ್ದು. ಇಲ್ಲಿ ಎಲ್ಲರೂ ಅದನ್ನೇ ಕೊಂಡು ತರಲು ಹೊರಡುತ್ತಾರೆ. ಲಾಡ್ಜ್ ರೂಮಿಗೆ ಬ್ಲೈಂಡ್ಸ್ ಎಲ್ಲಿಂದ ಬಂತು? ನಮ್ಮ ಕಿಟಕಿಗಳಲ್ಲಿ ಕಬ್ಬಿಣದ ಸರಳಿದೆ, ಗ್ರಿಲ್ ಇದೆ. ಜೈಲಿನ ಸೂಚನೆ ಪುಕ್ಕಟೆ ಸಿಗುತ್ತಿರುವಾಗ ಅದನ್ನು ಬಿಡುವುದು ಯಾಕೆ?

ದೀಪವನ್ನು ಕಿಟಕಿ ಹೊರಗೆ, ಸರಳಿನಿಂದ 10ರಿಂದ 12 ಅಡಿ ದೂರಕ್ಕೆ ಇಡಿ. ಏಣಿಯ ಮೇಲೆ ಕಟ್ಟಿದರೆ ನೆರಳು ಓರೆಯಾಗಿ ಬೀಳುತ್ತದೆ, ಅದೇ ಚೆಂದ. ನೆರಳು ಬೀಳುವ ಗೋಡೆ ಅಥವಾ ಮುಖ ಕಿಟಕಿಯಿಂದ 4–5 ಅಡಿ ಒಳಗಿರಲಿ. ಸರಳು ದೀಪಕ್ಕೆ ಹತ್ತಿರವಾದಷ್ಟೂ ನೆರಳು ದಪ್ಪ, ಮಸುಕು. ಗೋಡೆಗೆ ಹತ್ತಿರವಾದಷ್ಟೂ ತೆಳು, ಚೂಪು. ಈ ಒಂದು ಮಾತು ಗೊತ್ತಿಲ್ಲದೆ ಗಂಟೆಗಟ್ಟಲೆ ದೀಪ ತಿರುಗಿಸುತ್ತಾ ಕೂರುತ್ತಾರೆ.

ಮೇಲಿನ ಮಹಡಿಯಾಗಿ ಹೊರಗೆ ಜಾಗ ಇಲ್ಲದಿದ್ದರೆ ಸುಳ್ಳು ಕಿಟಕಿ ಮಾಡಿ. ಎರಡು ಅಡಿ ಅಗಲ, ಮೂರು ಅಡಿ ಎತ್ತರದ ರಟ್ಟಿನಲ್ಲಿ ಎರಡು ಇಂಚಿಗೊಂದು ಸೀಳು ಕೊಯ್ದು, ಗೋಡೆಯಿಂದ 3 ಅಡಿ ದೂರ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಹಾಕಿ. ನೆರಳು ಮುಖದ ಮೇಲೆ ಬೀಳುವಾಗ ಕಣ್ಣು ಬೆಳಕಿನ ಪಟ್ಟಿಯಲ್ಲೇ ಬರಬೇಕು. ನಟ ಒಂದು ಇಂಚು ಸರಿದರೆ ಕಣ್ಣು ಮಾಯ. ಅದಕ್ಕೆ ಕುರ್ಚಿ ಕಾಲಿನ ಸುತ್ತ ಟೇಪಿನ ಗುರುತು ಹಾಕಿ.

### ಹಗಲಲ್ಲೇ ಮಾಡಬೇಕೇ? ಕನ್ನಡಿ ತನ್ನಿ

ದೀಪಕ್ಕೆ ದುಡ್ಡೇ ಇಲ್ಲ ಅನ್ನುವವರಿಗೆ ಬಿಸಿಲಿಗಿಂತ ಗಡಸು ಬೆಳಕು ಬೇರೆ ಬೇಡ. ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ ಹಿಂದಿ ಚಿತ್ರ 'ಕಾಗಜ್ ಕೆ ಫೂಲ್'ನಲ್ಲಿ ಸ್ಟುಡಿಯೊದೊಳಗೆ ಇಳಿಸಿದ ಆ ಹೆಸರಾಂತ ಬೆಳಕಿನ ಕೋಲು ಬಂದದ್ದು ಕನ್ನಡಿಗಳಿಂದ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಯಲ್ಲಿ ಹಿಡಿದು ಒಳಗಿನ ಕನ್ನಡಿಗೆ ಹಾಯಿಸಿದ್ದರು. 1956ರ ಕ್ರೈಮ್ ಚಿತ್ರ 'ಸಿ.ಐ.ಡಿ.'ಗೂ ಕ್ಯಾಮೆರಾ ಹಿಡಿದವರು ಅವರೇ.

ನೀವು ಮಾಡುವುದು ಹೀಗೆ. ಕಿಟಕಿಯನ್ನು ಕಂಬಳಿಯಿಂದ ಮುಚ್ಚಿ, ಒಂದು ಅಡಿ ಉದ್ದದ ಸೀಳು ಬಿಡಿ. ಹೊರಗೆ ಬಿಸಿಲಿನಲ್ಲಿ ಡ್ರೆಸ್ಸಿಂಗ್ ಟೇಬಲ್ಲಿನ ಚಪ್ಪಟೆ ಕನ್ನಡಿ ಇಟ್ಟು, ಬೆಳಕು ಸೀಳಿನಲ್ಲಿ ಹೋಗುವ ಹಾಗೆ ವಾಲಿಸಿ. ಒಳಗೆ ಬಂದ ಬೆಳಕನ್ನು ನೇರ ಬಳಸಿ, ಇಲ್ಲಾ ಎರಡನೇ ಕನ್ನಡಿಯಿಂದ ಬೇಕಾದ ಕಡೆ ತಿರುಗಿಸಿ.

ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. 12 ಅಡಿ ದೂರದಲ್ಲಿ ಬೆಳಕಿನ ತುಂಡು ನಾಲ್ಕು ನಿಮಿಷಕ್ಕೆ ಸುಮಾರು ಎರಡೂವರೆ ಇಂಚು ಜರುಗುತ್ತದೆ. ಕನ್ನಡಿ ಹತ್ತಿರ ಒಬ್ಬರನ್ನು ನಿಲ್ಲಿಸಲೇಬೇಕು. ಬೆಳಕು ತೀರಾ ಜಾಸ್ತಿಯಾದರೆ ಲೆನ್ಸಿಗೆ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಬೂದು ಗಾಜು) ಹಾಕಿ. ಅದಿಲ್ಲದಿದ್ದರೆ ಶಟರ್ ವೇಗ ಏರಿಸಿ. ಇಲ್ಲಿ ಕರೆಂಟಿನ ದೀಪ ಇಲ್ಲ, ಪಟ್ಟಿ ಹರಿಯುವ ಭಯವೂ ಇಲ್ಲ. ನಟನ ಕಣ್ಣಿಗೆ ನೇರ ಹೊಡೆಯಬೇಡಿ. ಶೇವಿಂಗಿಗೆ ಬಳಸುವ, ಒಳಕ್ಕೆ ತಗ್ಗಿರುವ ಕನ್ನಡಿ ಬೇಡವೇ ಬೇಡ. ಅದು ಬಿಸಿಲನ್ನು ಒಂದು ಕಡೆ ಕೂಡಿಸಿ ಬಟ್ಟೆ ಸುಡುತ್ತದೆ.

## ಹಂತ 7: ಹೊಗೆ, ಧೂಳು

ಹೊಗೆಯನ್ನು ಕೊನೆಗೆ ಹಾಕಿ. ಮೊದಲೇ ಹಾಕಿದರೆ ದೀಪ ಸರಿಮಾಡುವ ಹೊತ್ತಿಗೆ ಮುಗಿದಿರುತ್ತದೆ, ಎಲ್ಲರೂ ಕೆಮ್ಮುತ್ತಿರುತ್ತಾರೆ.

ಹೊಗೆ ಕಾಣಬೇಕಾದರೆ ಬೆಳಕು ಹಿಂದಿನಿಂದ, ಇಲ್ಲಾ ಬದಿಯಿಂದ ಬರಬೇಕು. ಕ್ಯಾಮೆರಾ ಕಡೆಯಿಂದ ಬಂದರೆ ಎಲ್ಲಾ ಹಾಲು ಚೆಲ್ಲಿದಂತಾಗಿ ಕಪ್ಪೇ ಉಳಿಯುವುದಿಲ್ಲ. ಸಾಂಬ್ರಾಣಿ ಧೂಪ ಸಾಕು, ಹೊಗೆ ಯಂತ್ರ ಬೇಡ. ಧೂಪ ಹಾಕಿ, ಒಂದು ರಟ್ಟಿನಿಂದ ಬೀಸಿ ಹರಡಿ, ಫ್ಯಾನ್ ಆರಿಸಿ, ಎಳೆ ಎಳೆಯಾಗಿ ಕಾಣುವ ಹೊಗೆ ಒಂದೇ ಸಮ ಆಗುವವರೆಗೆ ಕಾಯಿರಿ. 1944ರ 'ಡಬಲ್ ಇಂಡೆಮ್ನಿಟಿ'ಯಲ್ಲಿ ಛಾಯಾಗ್ರಾಹಕ ಜಾನ್ ಸೈಟ್ಸ್ ಕಿಟಕಿಯ ಬಿಸಿಲಿನಲ್ಲಿ ಧೂಳು ಹೊಳೆಯಲಿ ಅಂತ ಅಲ್ಯೂಮಿನಿಯಂ ಪುಡಿ ಹಾರಿಸಿದ್ದರು. ಅದನ್ನು ನಕಲು ಮಾಡಬೇಡಿ, ಶ್ವಾಸಕೋಶಕ್ಕೆ ಕೆಟ್ಟದ್ದು. ಹಳೆ ಹಾಸಿಗೆಯನ್ನು ಫ್ರೇಮಿನ ಹೊರಗೆ ಎರಡು ಸಲ ಬಡಿದರೆ ಅದೇ ಕೆಲಸ ಆಗುತ್ತದೆ.

ಆಸ್ತಮಾ ಇರುವವರು ಕೋಣೆಯಲ್ಲಿದ್ದಾರಾ ಕೇಳಿಕೊಳ್ಳಿ. ನಾಲ್ಕೈದು ಟೇಕಿಗೊಮ್ಮೆ ಕಿಟಕಿ ತೆರೆಯಿರಿ. ನಿಜವಾದ ಲಾಡ್ಜಿನಲ್ಲಿ ಶೂಟ್ ಮಾಡುತ್ತಿದ್ದರೆ ಹೊಗೆ ಅಲಾರಂ ಇದೆಯಾ ಅಂತ ಮ್ಯಾನೇಜರನ್ನು ಮೊದಲೇ ಕೇಳಿ.

## ಹಂತ 8: ಬೀದಿಗೆ ಇಳಿದಾಗ

ಒಳಗಿನ ಸೀನ್ ಕೈಗೆ ಹತ್ತಿದ ಮೇಲೆ ಮಾತ್ರ ಹೊರಗೆ ಬನ್ನಿ. ಬೀದಿಯಲ್ಲಿ ಬೆಳಕನ್ನು ತಡೆಯುವುದು ನಿಮ್ಮ ಕೈಯಲ್ಲಿಲ್ಲ. ಹಾಗಾಗಿ ಕತ್ತಲು ಇರುವ ಜಾಗ ಹುಡುಕಬೇಕು. ದೀಪಗಳಿರುವ ದೊಡ್ಡ ರಸ್ತೆ ಬಿಟ್ಟು, ಒಂದೇ ಬೀದಿದೀಪ ಇರುವ ಓಣಿ ಹುಡುಕಿ. ಕ್ಯಾಮೆರಾ ದೀಪಕ್ಕೆ ಎದುರಾಗಿ ಇರಲಿ, ನಟ ನಡುವೆ. ಅವನ ಅಂಚು ಹೊಳೆಯುತ್ತದೆ, ಮುಖ ಕತ್ತಲಲ್ಲಿ ಉಳಿಯುತ್ತದೆ.

ಒಣ ಡಾಂಬರು ಬೆಳಕನ್ನು ನುಂಗಿಬಿಡುತ್ತದೆ. ಒದ್ದೆಯಾದರೆ ಕನ್ನಡಿ. ಹಳೆಯ ಚಿತ್ರಗಳ ಬೀದಿಗಳು ಯಾವಾಗಲೂ ಮಳೆ ಬಂದ ಹಾಗಿರುವುದು ಇದಕ್ಕೇ. ಟ್ಯಾಂಕರ್ ತರಿಸುವ ಬದಲು ಮಳೆ ನಿಂತ ರಾತ್ರಿಗೆ ಕಾಯಿರಿ. ಆದರೆ ಒದ್ದೆ ನೆಲದಲ್ಲಿ ಮನೆಯಿಂದ ಎಕ್ಸ್‌ಟೆನ್ಷನ್ ವೈರ್ ಎಳೆದು ದೀಪ ಹಾಕಬೇಡಿ. ಹೊರಗೆ ಏನಿದ್ದರೂ ಬ್ಯಾಟರಿ ದೀಪ.

ಊರನ್ನು ತೋರಿಸಲು ಊರೇ ಬೇಕಿಲ್ಲ. ಎಡ್ಗರ್ ಉಲ್ಮರ್ ನಿರ್ದೇಶಿಸಿದ 1945ರ 'ಡಿಟೂರ್' ತೀರಾ ಬಡ ಸ್ಟುಡಿಯೊದ ಚಿತ್ರ, 68 ನಿಮಿಷ ಅಷ್ಟೇ. ಅದರಲ್ಲಿ ನ್ಯೂಯಾರ್ಕಿನ ರಾತ್ರಿ ಅಂದರೆ ದಟ್ಟ ಮಂಜು, ನಡುವೆ ಬೀದಿ ಹೆಸರಿನ ಫಲಕಗಳು. ಬೇರೆ ಏನೂ ಇಲ್ಲ. ಹಾಗೆಯೇ ಅದೇ ಚಿತ್ರದಲ್ಲಿ ಎಚ್ಚರಿಕೆಯೂ ಇದೆ. ನಾಯಕ ಪಶ್ಚಿಮಕ್ಕೆ ಹೋಗುತ್ತಿರುವ ಹಾಗೆ ಕಾಣಲಿ ಅಂತ ಕೆಲವು ಶಾಟುಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿದರು. ಅಮೆರಿಕದ ಕಾರಿನ ಸ್ಟಿಯರಿಂಗ್ ಬಲಕ್ಕೆ ಬಂದುಬಿಟ್ಟಿತು! ನೀವು ಎಡಿಟಿಂಗಿನಲ್ಲಿ ಶಾಟ್ ತಿರುಗಿಸುವ ಮೊದಲು ಅಂಗಡಿ ಬೋರ್ಡು, ನಂಬರ್ ಪ್ಲೇಟು, ಅಂಗಿಯ ಜೇಬು ಮೂರನ್ನೂ ನೋಡಿ.

ಪಾತ್ರದ ಕೈಗೇ ದೀಪ ಕೊಡುವುದು ಇನ್ನೊಂದು ದಾರಿ. 1948ರ 'ಹಿ ವಾಕ್ಡ್ ಬೈ ನೈಟ್'ನಲ್ಲಿ ಛಾಯಾಗ್ರಾಹಕ ಜಾನ್ ಆಲ್ಟನ್ ಲಾಸ್ ಏಂಜಲೀಸಿನ ಮಳೆನೀರಿನ ಸುರಂಗದ ಬೆನ್ನಟ್ಟುವಿಕೆಯನ್ನು ಪೊಲೀಸರ ಟಾರ್ಚುಗಳ ಸುತ್ತಲೇ ಕಟ್ಟಿದ್ದಾರೆ. ಟಾರ್ಚ್ ಕ್ಯಾಮೆರಾ ಕಡೆ ತಿರುಗಿದಾಗ ಹಿಡಿದವನು ಬರೀ ಆಕಾರ. ಗೋಡೆ ಕಡೆ ತಿರುಗಿದಾಗ ಅಲ್ಲಿಂದ ಮರಳಿದ ಬೆಳಕಿನಲ್ಲಿ ಮುಖ ಕಾಣುತ್ತದೆ.

ಆಟಿಕೆ ಪಿಸ್ತೂಲು, ಚಾಕು ಹಿಡಿದು ಬೀದಿಯಲ್ಲಿ ಶೂಟ್ ಮಾಡುವುದಾದರೆ ಪೊಲೀಸ್ ಠಾಣೆಗೆ ಮೊದಲೇ ಬರೆದುಕೊಡಿ, ಅಕ್ಕಪಕ್ಕದ ಮನೆಯವರಿಗೂ ಹೇಳಿ. ದೂರದಿಂದ ನೋಡಿದವರಿಗೆ ಕ್ಯಾಮೆರಾ ಕಾಣುವುದಿಲ್ಲ, ಪಿಸ್ತೂಲು ಕಾಣುತ್ತದೆ.

ಸದ್ದಿನ ವಿಷಯ ಒಂದೇ ಮಾತು. ಶೂಟ್ ಮುಗಿದ ಮೇಲೆ ಅದೇ ಕೋಣೆಯಲ್ಲಿ ಒಂದು ನಿಮಿಷದ ಮೌನ ರೆಕಾರ್ಡ್ ಮಾಡಿಕೊಳ್ಳಿ. ಹಿನ್ನೆಲೆ ಸಂಗೀತ ತುರುಕುವ ಮೊದಲು, ನೋಟು ಎಣಿಸುವ ಸದ್ದು ಮತ್ತು ಬಾಗಿಲ ಬಡಿತ ಎರಡರಲ್ಲೇ ಸೀನ್ ನಿಲ್ಲುತ್ತದಾ ನೋಡಿ.

## ಹಂತ 9: ಕಪ್ಪು-ಬಿಳುಪು ಮಾಡುವುದು

ಬಣ್ಣದಲ್ಲಿ ರೆಕಾರ್ಡ್ ಮಾಡಿ ಅಂದದ್ದು ಇದಕ್ಕೆ. ಸ್ಯಾಚುರೇಶನ್ (ಬಣ್ಣದ ಗಾಢತೆ) ಸೊನ್ನೆಗೆ ಎಳೆದರೆ ಕೆಂಪು ಅಂಗಿ, ಹಸಿರು ಗೋಡೆ ಎರಡೂ ಒಂದೇ ಬೂದು ಆಗಬಹುದು. ಅದರ ಬದಲು ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನ ಪುಕ್ಕಟೆ ಆವೃತ್ತಿಯಲ್ಲಿ ಆರ್‌ಜಿಬಿ ಮಿಕ್ಸರ್ ತೆರೆದು ಮೊನೊಕ್ರೋಮ್ ಗುರುತು ಹಾಕಿ. ಈಗ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಅಂತ ನೀವೇ ಹೇಳಬಹುದು. ಕೆಂಪು ಏರಿಸಿದರೆ ಚರ್ಮ ಬೆಳಗುತ್ತದೆ, ಮೊಡವೆ ಮಾಯವಾಗುತ್ತದೆ. ಅತಿಯಾದರೆ ತುಟಿ ಬಿಳಚುತ್ತದೆ, ಹಣೆಯ ಕುಂಕುಮವೂ ಚರ್ಮದಲ್ಲಿ ಕರಗಿಹೋಗುತ್ತದೆ. ನೀಲಿ ಏರಿಸಿದರೆ ಮುಖ ಒರಟಾಗಿ, ಗಡ್ಡದ ನೆರಳು ಎದ್ದು ಕಾಣುತ್ತದೆ, ಜೊತೆಗೆ ಚುಕ್ಕಿಯೂ ಏಳುತ್ತದೆ. ಕೇಡಿ ಪಾತ್ರಕ್ಕೆ ಸ್ವಲ್ಪ ಮಾತ್ರ.

ಉಡುಪು ಶೂಟಿಗೆ ಮೊದಲೇ ನೋಡಿಕೊಳ್ಳಬೇಕಾದ್ದು. ಅಚ್ಚ ಬಿಳಿ ಅಂಗಿ, ಪಂಚೆ ಗಡಸು ಬೆಳಕಿನಲ್ಲಿ ಬರೀ ಬಿಳಿ ತೇಪೆ ಆಗುತ್ತದೆ. ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದರೆ ಮಡಿಕೆಗಳು ಉಳಿಯುತ್ತವೆ. ಕಪ್ಪು-ಬಿಳುಪಿನಲ್ಲಿ ಅದು ಬಿಳಿಯಾಗಿಯೇ ಕಾಣುತ್ತದೆ.

ವೇವ್‌ಫಾರ್ಮ್ (ಚಿತ್ರದ ಯಾವ ಜಾಗ ಎಷ್ಟು ಬೆಳಗಿದೆ ಅಂತ ತೋರಿಸುವ ನಕ್ಷೆ) ತೆರೆದಿಟ್ಟುಕೊಂಡು ಕೆಲಸ ಮಾಡಿ. ಕಪ್ಪು ಜಾಗ ತಳ ಮುಟ್ಟಬೇಕು, ಆದರೆ ಎಲ್ಲವೂ ತಳಕ್ಕೆ ಅಂಟಿಕೊಂಡು ಕೂರಬಾರದು. ಬೆಳಗಿದ ಕೆನ್ನೆ ನೂರಕ್ಕೆ 60–70ರ ಹತ್ತಿರ ಸಾಕು, ಕಪ್ಪಗಿರುವ ಮುಖಕ್ಕೆ ಇನ್ನೂ ಕಡಿಮೆ. ನೂರು ಮುಟ್ಟುವುದು ಬಲ್ಬ್, ಟಾರ್ಚ್, ಬೆವರಿನ ಹನಿ ಮಾತ್ರ.

ಗೋಡೆ ಮೇಲೆ ಬೆಳಕು ನಿಧಾನಕ್ಕೆ ಕತ್ತಲಾಗುವ ಕಡೆ ಮೆಟ್ಟಿಲು ಮೆಟ್ಟಿಲು ಕಂಡರೆ ಮೇಲೆ ಸ್ವಲ್ಪ ಗ್ರೇನ್ (ಹಳೆ ಫಿಲ್ಮಿನ ಹಾಗಿರುವ ಸಣ್ಣ ಚುಕ್ಕಿ) ಹಾಕಿ, ಮುಚ್ಚಿಹೋಗುತ್ತದೆ. ಯೂಟ್ಯೂಬಿಗೆ ಹಾಕುವಾಗ ಕತ್ತಲ ಭಾಗಗಳೇ ಮೊದಲು ಚೌಕ ಚೌಕ ಒಡೆಯುವುದು. 1080ರಲ್ಲಿ ಶೂಟ್ ಮಾಡಿದ್ದರೂ 4ಕೆಗೆ ಹಿಗ್ಗಿಸಿ ಅಪ್‌ಲೋಡ್ ಮಾಡಿದರೆ ಒಡೆಯುವುದು ಕಮ್ಮಿ.

ಅಪ್‌ಲೋಡ್ ಮಾಡುವ ಮೊದಲು ಒಂದು ಕೊನೆ ಪರೀಕ್ಷೆ. ಕತ್ತಲ ಕೋಣೆಯ ದೊಡ್ಡ ಮಾನಿಟರಿನಲ್ಲಿ ಎಲ್ಲವೂ ಚೆಂದ ಕಾಣುತ್ತದೆ, ಅದನ್ನು ನಂಬಬೇಡಿ. ಫೋನಿಗೆ ಹಾಕಿಕೊಂಡು, ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ, ಮಧ್ಯಾಹ್ನ ಹೊರಗೆ ನಿಂತು ನೋಡಿ. ನಿಮ್ಮ ವೀಕ್ಷಕರು ಬಸ್‌ಸ್ಟಾಪಿನಲ್ಲಿ ನೋಡುವುದು ಹಾಗೆಯೇ. ಅಲ್ಲಿ ಕಣ್ಣು, ಕೈ, ನೋಟಿನ ಕಟ್ಟು ಮೂರೂ ಕಂಡರೆ ಅಪ್‌ಲೋಡ್ ಮಾಡಿ. ಕಾಣದಿದ್ದರೆ ಇಡೀ ಚಿತ್ರವನ್ನು ಬೆಳ್ಳಗೆ ಮಾಡಬೇಡಿ. ಬೆಳಕಿನ ಭಾಗವನ್ನಷ್ಟೇ ಆರಿಸಿ ಸ್ವಲ್ಪ ಎತ್ತಿ, ಕಪ್ಪನ್ನು ಇದ್ದಲ್ಲೇ ಬಿಡಿ.